ಹದಿನಾರು ಅಂಕಿ ಕಾಯುವ ಶಾಸ್ತ್ರ

ಆನ್‌ಲೈನ್ ಖರೀದಿಯಲ್ಲಿ ಕ್ರೆಡಿಟ್ ಕಾರ್ಡ್ ವಂಚನೆಯಿಂದ ಪಾರಾಗುವುದು ಹೇಗೆ ಎಂದು ಉಪದೇಶ ಮಾಡಲು ಮೊದಲು ಅಧಿಕಾರ ಬೇಕು. ಯಾವ ಶಾಸ್ತ್ರಕ್ಕೂ ಇದೇ ಕ್ರಮ. ವಾಷಿಂಗ್ಟನ್ನಿನ ಸುತ್ತಮುತ್ತ, ಅಟ್ಲಾಂಟಾದಲ್ಲಿ, ಇಲ್ಲವೇ ಎರಡು ಕ್ಯಾರೊಲಿನಾಗಳಲ್ಲಿ ನಾಲ್ಕಾರು ವರ್ಷ ಸಂಸಾರ ಮಾಡಿದ ಕನ್ನಡಿಗರಿಗೆ ಈ ಅಧಿಕಾರ ತಾನಾಗಿ ಒಲಿಯುತ್ತದೆ. ಓದಬೇಕಿಲ್ಲ, ಪರೀಕ್ಷೆ ಬರೆಯಬೇಕಿಲ್ಲ. ‘ನಿಮ್ಮ ಮಾಹಿತಿಯ ಸುರಕ್ಷತೆಯನ್ನು ನಾವು ಬಹಳ ಗಂಭೀರವಾಗಿ ಪರಿಗಣಿಸುತ್ತೇವೆ’ ಎಂದು ಶುರುವಾಗುವ ಪತ್ರ ಮನೆಗೆ ಬಂದಿದ್ದರೆ ಸಾಕು. ಮಾಹಿತಿ ಕೈಬಿಟ್ಟು ಹೋಯಿತು ಎಂದು ತಿಳಿಸುವ ಸಭ್ಯ ರೂಢಿ ಅದು. ಇಂಥ ಪತ್ರಗಳನ್ನು ತಾರೀಖಿನ ಪ್ರಕಾರ ಫೈಲು ಮಾಡಿ ಇಟ್ಟುಕೊಂಡವರು ಪಂಡಿತರು. ನನ್ನ ಫೈಲು ದಪ್ಪಗಿದೆ.

ಶಾಸ್ತ್ರದ ಮೊದಲ ಅಧ್ಯಾಯ ಸ್ಥಳಮಹಿಮೆ. ಅಮೆರಿಕದ ಬೇರೆ ಊರುಗಳವರು ಕಾರ್ಡ್ ನಂಬರನ್ನು ಯಾವುದೋ ದೂರದ ಕಂಪನಿಯ ಕೈಯಲ್ಲಿ ಕಳೆದುಕೊಳ್ಳುತ್ತಾರೆ. ನಮಗೆ ಆ ಪರದಾಟವಿಲ್ಲ, ಎಲ್ಲವೂ ನೆರೆಹೊರೆಯಲ್ಲೇ. ಕಾರ್ಡು ಕೊಡುವ ಕ್ಯಾಪಿಟಲ್ ಒನ್ ವರ್ಜೀನಿಯಾದ ಮೆಕ್ಲೀನ್‌ನಲ್ಲಿದೆ, ಬ್ಯಾಂಕ್ ಆಫ್ ಅಮೆರಿಕ ಶಾರ್ಲಟ್‌ನಲ್ಲಿದೆ. ಕಾರ್ಡು ಉಜ್ಜಿದಾಗ ಲೆಕ್ಕ ಸಾಗಿಸುವ ಕಂಪನಿಗಳು ಜಾರ್ಜಿಯಾದಲ್ಲಿ ಎಷ್ಟು ಗಿಜಿಗುಟ್ಟಿವೆಯೆಂದರೆ, ಅಲ್ಲಿಯವರು ತಮ್ಮ ಸೀಮೆಗೆ ‘ಟ್ರಾನ್ಸಾಕ್ಷನ್ ಅಲೀ’ ಎಂದು ಹೆಸರಿಟ್ಟು, ದೇಶದ ಕಾರ್ಡು ವಹಿವಾಟಿನಲ್ಲಿ ನೂರಕ್ಕೆ 70 ನಮ್ಮ ಮೂಲಕವೇ ಹಾದುಹೋಗುತ್ತದೆ ಎಂದು ಹೇಳಿಕೊಳ್ಳುತ್ತಾರೆ. ಇತ್ತ ವರ್ಜೀನಿಯಾದ ಆಶ್‌ಬರ್ನ್‌ನವರು, ಜಗತ್ತಿನ ಇಂಟರ್ನೆಟ್ ಸಂಚಾರದಲ್ಲಿ ನೂರಕ್ಕೆ 70 ನಮ್ಮ ಡೇಟಾ ಸೆಂಟರುಗಳ ಮೂಲಕ ಎನ್ನುತ್ತಾರೆ. ಎರಡು ಕಡೆಯೂ 70 ಹೇಗಾಯಿತು ಎಂದು ಕೇಳಬಾರದು. ಊರಿನ ಹೆಮ್ಮೆಗೆ ಅದೇ ಹದವಾದ ಪ್ರಮಾಣ: 90 ಅಂದರೆ ಬಡಾಯಿ, 50 ಅಂದರೆ ಕಂಜೂಸಿ. ಇನ್ನು ಮಾಹಿತಿ ಕಳೆಯುವ ಹೊಣೆಯನ್ನು ಅಟ್ಲಾಂಟಾದ ಈಕ್ವಿಫ್ಯಾಕ್ಸ್, ಹೋಮ್ ಡಿಪೋ, ಬೆಥೆಸ್ಡಾದ ಮ್ಯಾರಿಯಟ್ ಬೇರೆ ಬೇರೆ ವರ್ಷಗಳಲ್ಲಿ ಹೊತ್ತಿವೆ. ಕಳ್ಳರನ್ನು ಹುಡುಕುವ ಸೀಕ್ರೆಟ್ ಸರ್ವಿಸ್, ಕಂಪನಿಗಳನ್ನು ಗದರಿಸುವ ಫೆಡರಲ್ ಟ್ರೇಡ್ ಕಮಿಷನ್ ಎರಡೂ ವಾಷಿಂಗ್ಟನ್ನಿನಲ್ಲಿ. ಹೀಗೆ ಕೊಡುವುದು, ಸಾಗಿಸುವುದು, ಕೂಡಿಡುವುದು, ಕಳೆಯುವುದು, ವಿಚಾರಣೆ ನಡೆಸುವುದು ಎಂದು ಎಲ್ಲ ದೊಡ್ಡ ಖಾತೆಗಳೂ ಹಂಚಿಹೋಗಿವೆ. ಉಳಿದದ್ದು ಗಾಬರಿ ಖಾತೆ ಒಂದೇ. ಅದನ್ನು ಕ್ಯಾರಿ, ಆಲ್ಫರೆಟ್ಟಾ, ಹರ್ನ್‌ಡನ್‌ಗಳ ಗೃಹಸ್ಥರಿಗೆ ವಹಿಸಲಾಗಿದೆ. ಇದನ್ನು ದಕ್ಷತೆಯಿಂದ ನಿಭಾಯಿಸುವುದು ಹೇಗೆಂಬುದೇ ಈ ಬರಹದ ವಿಷಯ.

ಖಾತೆ ವಹಿಸಿಕೊಂಡವರು ಮೊದಲು ಬೀಗ ನೋಡಬೇಕು ಎಂದು ಹಳೆಯ ಪಂಡಿತರು ಹೇಳುತ್ತಿದ್ದರು. ಬ್ರೌಸರಿನಲ್ಲಿ ವಿಳಾಸದ ಪಕ್ಕ ಪುಟ್ಟ ಬೀಗ ಕಂಡರೆ ಕಣ್ಣುಮುಚ್ಚಿ ಕಾರ್ಡ್ ನಂಬರ್ ಒತ್ತಬಹುದು ಎಂಬ ಮತ ಬಹಳ ಕಾಲ ನಡೆಯಿತು. ಆ ಬೀಗ ಹೇಳುತ್ತಿದ್ದದ್ದು ಇಷ್ಟೇ: ನಿಮಗೂ ಆ ತಾಣಕ್ಕೂ ನಡುವೆ ನಡೆಯುವ ಮಾತು ಮೂರನೆಯವರ ಕಿವಿಗೆ ಬೀಳುವುದಿಲ್ಲ. ಆ ತಾಣ ಯಾರದ್ದು ಎಂಬುದು ಬೀಗಕ್ಕೆ ಸಂಬಂಧಿಸಿದ ವಿಚಾರವಲ್ಲ. ಕಳ್ಳರಿಗೂ ಬೀಗ ಪುಕ್ಕಟೆ ಸಿಗುತ್ತದೆ, ಅವರೂ ಮರೆಯದೆ ಹಾಕಿಸುತ್ತಾರೆ. ನೀವು ನಂಬಿ ಕೊಟ್ಟ ನಂಬರನ್ನು ಇನ್ನೊಬ್ಬ ಕಳ್ಳ ನಡುದಾರಿಯಲ್ಲಿ ಹೊಡೆದುಕೊಂಡು ಹೋಗಬಾರದೆಂಬ ಕಾಳಜಿ ಅವರಿಗೂ ಇದೆ. ಜನ ತಪ್ಪು ತಿಳಿಯುತ್ತಾರೆ ಎಂದು 2023ರಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರಿನಿಂದ ಬೀಗವನ್ನೇ ತೆಗೆದು, ಆ ಜಾಗದಲ್ಲಿ ಎರಡು ಗೆರೆ, ಎರಡು ಉಂಗುರದ ಒಂದು ಗುರುತು ಕೂರಿಸಿತು. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೆ ತಾನೆ ತಪ್ಪು ತಿಳಿಯುವುದು.

ಪ್ರಾಯೋಗಿಕ ಪಾಠಕ್ಕೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ವಾರ ಪ್ರಶಸ್ತ. ಫೋನಿನಲ್ಲಿ ಹೋಳಿಗೆ ಹೂರಣ ತೆಳ್ಳಗಾದರೆ ಏನು ಮಾಡಬೇಕೆಂಬ ವಿಡಿಯೊ ನೋಡುತ್ತಿರುವಾಗ ನಡುವೆ ಜಾಹೀರಾತು ಬರುತ್ತದೆ: ಅಪ್ಪಟ ಮೈಸೂರು ರೇಷ್ಮೆ ಸೀರೆ, 39 ಡಾಲರ್ 99 ಸೆಂಟ್, ಸಾಗಣೆ ಉಚಿತ. ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಕರ್ನಾಟಕ ಸರ್ಕಾರದ ರೇಷ್ಮೆ ನಿಗಮ ಕೆ.ಎಸ್.ಐ.ಸಿ. ಅದನ್ನು ಮೈಸೂರಿನ ಹಳೆಯ ಕಾರ್ಖಾನೆಯಲ್ಲಿ ನೇಯಿಸುತ್ತದೆ. ಬೆಂಗಳೂರಿನ ಮಳಿಗೆಯ ಮುಂದೆ ಹೆಂಗಸರು ನಸುಕಿಗೇ ಸಾಲು ನಿಂತು ಟೋಕನ್ ಹಿಡಿದು, ಸಾವಿರಾರು ರೂಪಾಯಿ ಎಣಿಸಿ ತರುತ್ತಾರೆ. ಅಂಥ ಸೀರೆ ಮೂರೂವರೆ ಸಾವಿರ ರೂಪಾಯಿಗೆ ನಿಮ್ಮ ಹೆಸರು ಕೇಳಿಕೊಂಡು ಆಶ್‌ಬರ್ನ್‌ವರೆಗೆ ಬಂದಿದೆ ಎಂದರೆ ಪೂರ್ವಜನ್ಮದ ಪುಣ್ಯವೇ ಇರಬೇಕು.

ಪುಣ್ಯವನ್ನು ಪರೀಕ್ಷಿಸುವ ಕ್ರಮ ಹೀಗೆ. ಪುಟದ ತುದಿಯಲ್ಲಿ ಕೆಂಪು ಗಡಿಯಾರ ಇಳಿಯುತ್ತಿರುತ್ತದೆ: 09:41, 09:40, 09:39. ಅದು ಸೊನ್ನೆಗೆ ಇಳಿಯುವ ತನಕ ಕೈಕಟ್ಟಿ ಕೂತು, ಪುಟವನ್ನು ಮತ್ತೆ ತೆರೆಯಿರಿ. ಗಡಿಯಾರ 10:00ಕ್ಕೆ ಮರಳಿ ದಣಿವಿಲ್ಲದೆ ಕೆಲಸಕ್ಕೆ ಹತ್ತಿರುತ್ತದೆ. ಕೆಳಮೂಲೆಯಲ್ಲಿ ಚೌಕವೊಂದು ಆಗಾಗ ತಲೆ ಎತ್ತುತ್ತದೆ: ‘ಆಶ್‌ಬರ್ನ್‌ನ ಒಬ್ಬರು 3 ನಿಮಿಷದ ಹಿಂದೆ ಈ ಸೀರೆ ಕೊಂಡರು.’ ಶಾರ್ಲಟ್‌ನಲ್ಲಿರುವ ನಿಮ್ಮ ತಂಗಿಗೆ ಅದೇ ಪುಟ ತೆರೆಯಲು ಹೇಳಿ, ಆ ಒಬ್ಬರು ಶಾರ್ಲಟ್‌ಗೆ ಮನೆ ಬದಲಾಯಿಸಿರುತ್ತಾರೆ. ಊರಲ್ಲಿ ಮೂರು ನಿಮಿಷಕ್ಕೊಬ್ಬರು ಕೊಂಡರೂ ಮನೆ ಮನೆಯ ಅರಿಶಿನ ಕುಂಕುಮದಲ್ಲಿ ಒಬ್ಬರ ಮೈಮೇಲೂ ಆ ಸೀರೆ ಕಾಣುವುದಿಲ್ಲ. ಅಷ್ಟು ಜೋಪಾನ ಮಾಡುತ್ತಾರೆ. ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ‘ನಾಯಿಮರಿಗಳ ಮೇಲಿನ ಪ್ರೀತಿಯಿಂದ ಹುಟ್ಟಿದ ಸಂಸ್ಥೆ ನಮ್ಮದು’ ಎಂದಿದ್ದರೆ ವಿಚಲಿತರಾಗಬೇಡಿ. ಹೋದ ತಿಂಗಳು ಅದೇ ತಾಣ ನಾಯಿಯ ಹಾಸಿಗೆ ಮಾರುತ್ತಿತ್ತು, ವ್ಯಾಪಾರ ಅಭಿವೃದ್ಧಿಯಾಗಿದೆ. ಕೊನೆಯಲ್ಲಿ ‘ಝೆಲ್‌ನಲ್ಲಿ ಹಣ ಕಳಿಸಿದರೆ ಇನ್ನೂ ನೂರಕ್ಕೆ 10 ರಿಯಾಯಿತಿ’ ಎಂದಿರುತ್ತದೆ. ನೀವೇ ಗುಂಡಿ ಒತ್ತಿ ಬ್ಯಾಂಕಿನಿಂದ ಬ್ಯಾಂಕಿಗೆ ಝೆಲ್‌ನಲ್ಲಿ ಕಳಿಸಿದ ಹಣ ಹಿಂದೆ ಬರುವುದು ದುರ್ಲಭ. ಹಾಗೆ ಬಾರದ ಹಣಕ್ಕೆ ವ್ಯಾಪಾರಿ ಕೃತಜ್ಞತೆಯಿಂದ ಕೊಡುವ ಪಾಲು ಆ 10.

“ಏನ್ರೀ, ನೋಡಕ್ಕೆ ಚೆನ್ನಾಗೇ ಇದೆ. ನಲವತ್ತು ಡಾಲರ್ ತಾನೆ?”

ಇಡೀ ವಂಚನಾ ಉದ್ಯಮ ನಿಂತಿರುವುದು ಆ ‘ತಾನೆ’ಯ ಮೇಲೆ. ನಾಲ್ಕು ಸಾವಿರ ಡಾಲರ್ ಕೇಳಿದ್ದರೆ ಗಂಡ ಹೆಂಡತಿ ಇಬ್ಬರೂ ಕೂತು, ಊರಿಗೆ ಫೋನು ಮಾಡಿ, ಮೂರು ಜನರನ್ನು ವಿಚಾರಿಸುತ್ತಿದ್ದರು. ಮೂರು ವಾರದ ನಂತರ ಬಾಗಿಲಿಗೆ ಒಂದು ಲಕೋಟೆ ಬರುತ್ತದೆ. ಒಳಗೆ ಸೀರೆ ಇರುವುದಿಲ್ಲ, ಪ್ಲಾಸ್ಟಿಕ್ಕಿನ ತಂಪು ಕನ್ನಡಕ ಇರುತ್ತದೆ. ಇದು ಅಚಾತುರ್ಯವಲ್ಲ. ನಾಳೆ ನೀವು ಬ್ಯಾಂಕಿಗೆ ದೂರು ಕೊಟ್ಟಾಗ, ನಿಮ್ಮ ವಿಳಾಸಕ್ಕೆ ಪಾರ್ಸೆಲ್ ತಲುಪಿದೆ ಎಂದು ತೋರಿಸಲು ಟ್ರ್ಯಾಕಿಂಗ್ ನಂಬರ್ ಬೇಕಲ್ಲ, ಅದಕ್ಕಾಗಿ ಕಳಿಸಿದ ಕನ್ನಡಕ. ಲಕೋಟೆಯನ್ನು ಸಿಟ್ಟಿನಲ್ಲಿ ಹರಿದು ಬಿಸಾಡಬಾರದು. ಅದರ ಮೇಲಿನ ಚೀಟಿಯಲ್ಲಿ ತೂಕ ಅಚ್ಚಾಗಿದ್ದರೆ ಚಿತ್ರ ತೆಗೆದಿಡಬೇಕು. ಎರಡು ಔನ್ಸಿನಲ್ಲಿ ಸೆರಗೂ ಬರುವುದಿಲ್ಲ ಎಂಬುದು ಬ್ಯಾಂಕಿನವರಿಗೂ ಅರ್ಥವಾಗುವ ವಾದ.

ಈಗ ಮೂಲ ಗ್ರಂಥಕ್ಕೆ, ಅಂದರೆ ಹದಿನಾರು ಅಂಕಿಗೆ ಬರೋಣ. ಇದನ್ನು ಜೀವದಂತೆ ಕಾಯಬೇಕು ಎನ್ನುತ್ತಾರೆ. ಕಾಯುವ ಮುನ್ನ ಎಷ್ಟು ಕಾಯಬೇಕು ಎಂದು ಎಣಿಸುವುದು ವಿವೇಕ. ಮೊದಲ ಆರು ಅಂಕಿ ಯಾವ ಜಾಲ, ಯಾವ ಬ್ಯಾಂಕು ಎಂದು ಹೇಳುತ್ತವೆ, ಅವು ಗುಟ್ಟಲ್ಲ. ಕೊನೆಯ ನಾಲ್ಕು ಎಲ್ಲ ರಸೀದಿಯಲ್ಲೂ ಅಚ್ಚಾಗುತ್ತವೆ, ಕಾನೂನೂ ಅದಕ್ಕೆ ಒಪ್ಪಿದೆ. ನಡುವೆ ಉಳಿದದ್ದು ಆರು. ಐಬಿಎಂನ ಹಾನ್ಸ್ ಪೀಟರ್ ಲೂನ್ ಎಂಬ ಎಂಜಿನಿಯರ್ 1954ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಒಂದು ಲೆಕ್ಕವಿದೆ: ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ, ಎರಡಂಕಿ ಬಂದರೆ ಅವನ್ನೂ ಕೂಡಿಸಿ, ಒಟ್ಟು ಮೊತ್ತ ಹತ್ತರಿಂದ ಭಾಗವಾಗಬೇಕು. ನಮ್ಮ ಕಾರ್ಡುಗಳೆಲ್ಲ ಈ ಲೆಕ್ಕಕ್ಕೆ ತಲೆಬಾಗುವುದರಿಂದ ಆರರಲ್ಲಿ ಐದು ಗೊತ್ತಾದರೆ ಇನ್ನೊಂದು ತಾನೇ ಬಾಯಿಬಿಡುತ್ತದೆ. ಹದಿನಾರು ಕಾಯುತ್ತೇವೆಂದು ಹೊರಟವರು ಕಾಯುತ್ತಿರುವುದು ಬರೀ ಐದು ಅಂಕಿ, ಒಂದು ಲಕ್ಷ ಸಾಧ್ಯತೆ. ಕಂಪ್ಯೂಟರಿಗೆ ಲಕ್ಷ ಎಣಿಸುವುದು ನಮಗೆ ಆಕಳಿಸುವಷ್ಟು ಹೊತ್ತಿನ ಕೆಲಸ. ಅವಧಿ ಮುಗಿಯುವ ತಿಂಗಳು ಐದು ವರ್ಷದೊಳಗೆ ಇದ್ದೇ ಇರಬೇಕು, ಅಂದರೆ 60 ಊಹೆ. ಹಿಂಬದಿಯ ಮೂರಂಕಿಗೆ ಸಾವಿರ ಊಹೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2016ರಲ್ಲಿ ಈ ಊಹೆಗಳನ್ನು ನೂರಾರು ಅಂಗಡಿಗಳ ತಾಣಗಳಿಗೆ ಹಂಚಿ, ಒಂದೊಂದರಲ್ಲಿ ಕೆಲವೇ ಸಲ ಪ್ರಯತ್ನಿಸಿದರೆ ಆ ತಾಣಗಳಿಗೆ ಅನುಮಾನ ಬಾರದಂತೆ ಆರೇ ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ ಎಂದು ತೋರಿಸಿದರು. ಆದ್ದರಿಂದ ಕಾರ್ಡಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಇಡುವ ಹಿರಿಯರ ಪದ್ಧತಿಯನ್ನು ಮುಂದುವರಿಸಬಹುದು. ಚಪಾತಿಗೂ ಹಾಳೆ ಉಳಿದಿರಲಿ.

ಆ ಹಿಂಬದಿಯ ಮೂರಂಕಿಯ ಕಲ್ಪನೆ ಮೊದಲು ಮೊಳೆತದ್ದು 1995ರಲ್ಲಿ, ಬ್ರಿಟನ್ನಿನ ಈಕ್ವಿಫ್ಯಾಕ್ಸ್ ನೌಕರರೊಬ್ಬರ ತಲೆಯಲ್ಲಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಕನ್ನಡ ಕೂಟದ ಸಮಾರಂಭಗಳಲ್ಲಿ, ಅದು ಅಟ್ಲಾಂಟಾದ ನೃಪತುಂಗವಿರಲಿ, ವಾಷಿಂಗ್ಟನ್ ಕಡೆಯ ಕಾವೇರಿಯಿರಲಿ, ಊಟದ ಸಾಲಿನಲ್ಲಿ ಪಂಡಿತರು ಸಿಕ್ಕರೆ ಜನ ಕೇಳುವ ಪ್ರಶ್ನೆ ಒಂದೇ: “ಈ ಆನ್‌ಲೈನ್ ಸಹವಾಸವೇ ಬೇಡ, ಅಂಗಡಿಗೇ ಹೋಗಿ ತರೋಣ, ಏನಂತೀರಿ ಸಾರ್?” ಒಳ್ಳೆಯ ಪೂರ್ವಪಕ್ಷ. 2014ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೋಮ್ ಡಿಪೋಗೆ ಖುದ್ದಾಗಿ ಹೋಗಿ, ಮೊಳೆ, ಬಣ್ಣ, ಹಿತ್ತಲಿನ ಮೆಣಸಿನ ಗಿಡಕ್ಕೆ ಮಣ್ಣು ಕೊಂಡು, ತಮ್ಮ ಕೈಯಾರೆ ಕಾರ್ಡು ಉಜ್ಜಿದವರ 5 ಕೋಟಿ 60 ಲಕ್ಷ ಕಾರ್ಡ್ ನಂಬರುಗಳು ಹೋದವು. ದುಷ್ಟ ತಂತ್ರಾಂಶ ಕೂತಿದ್ದದ್ದು ಗ್ರಾಹಕರು ತಾವೇ ಬಿಲ್ಲು ಮಾಡಿಕೊಳ್ಳುವ ಯಂತ್ರಗಳಲ್ಲಿ. ಆಗ ಇನ್ನೂ ಕಾಂತಪಟ್ಟಿಯ ಕಾಲ. ಈ ಪಟ್ಟಿಯನ್ನು ಪ್ಲಾಸ್ಟಿಕ್ಕಿಗೆ ಅಂಟಿಸುವ ದಾರಿ ಕಾಣದೆ ಐಬಿಎಂನ ಫಾರೆಸ್ಟ್ ಪ್ಯಾರಿ ತಲೆ ಕೆಡಿಸಿಕೊಂಡಿದ್ದಾಗ, ಅವರ ಹೆಂಡತಿ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಒತ್ತಿ ಅಂಟಿಸಿಕೊಟ್ಟರು ಎನ್ನುತ್ತಾರೆ. ಪ್ಯಾರಿ ಮಾಡುತ್ತಿದ್ದದ್ದು ಗೂಢಚಾರ ಸಂಸ್ಥೆ ಸಿಐಎ ನೌಕರರ ಗುರುತಿನ ಚೀಟಿ, ನಮ್ಮ ವರ್ಜೀನಿಯಾದ ಲ್ಯಾಂಗ್ಲಿಯ ಕಚೇರಿಯದು. ಗೂಢಚಾರರಿಗೆಂದು ಮಾಡಿದ ವಸ್ತುವನ್ನು ಐವತ್ತು ವರ್ಷ ಮೆಣಸಿನ ಗಿಡದ ಮಣ್ಣಿಗೆ ಬಳಸಿ, 2015ರ ಅಕ್ಟೋಬರ್‌ನಲ್ಲಿ ಅಮೆರಿಕ ಚಿಪ್ಪಿಗೆ ದಾಟಿತು. ಅಂಗಡಿಯಲ್ಲಿ ನಕಲಿ ಕಾರ್ಡು ನಡೆಯುವುದು ಕಷ್ಟವಾಯಿತು. ನಕಲಿಯವರು ನಿರುದ್ಯೋಗಿಗಳಾಗಬಹುದೆಂಬ ಆತಂಕವಿತ್ತು, ಹಾಗಾಗಲಿಲ್ಲ. ಎಲ್ಲರೂ ಆನ್‌ಲೈನಿಗೆ ಬಂದರು.

ಖರೀದಿಯನ್ನೇ ಬಿಟ್ಟರೆ? ದಕ್ಷಿಣ ಕ್ಯಾರೊಲಿನಾದವರು ಅದಕ್ಕೂ ಉತ್ತರ ಕೊಟ್ಟಿದ್ದಾರೆ. ಅಲ್ಲಿ ಜನ ಏನೂ ಕೊಳ್ಳಲಿಲ್ಲ, ತೆರಿಗೆ ಕಟ್ಟಿದರು. 2012ರ ಆಗಸ್ಟ್‌ನಲ್ಲಿ ರಾಜ್ಯದ ತೆರಿಗೆ ಇಲಾಖೆಯ ನೌಕರರೊಬ್ಬರು ಇಮೇಲ್‌ನಲ್ಲಿ ಬಂದ ಕೊಂಡಿಯೊಂದನ್ನು ಒತ್ತಿದರು. ಅಕ್ಟೋಬರ್ 26ರಂದು ಸರ್ಕಾರ ಪ್ರಕಟಿಸಿತು: ಸುಮಾರು 36 ಲಕ್ಷ ಸೋಷಿಯಲ್ ಸೆಕ್ಯುರಿಟಿ ನಂಬರ್, 3 ಲಕ್ಷ 87 ಸಾವಿರ ಕಾರ್ಡ್ ನಂಬರ್ ಹೊರಗೆ. ಇಡೀ ರಾಜ್ಯದ ಜನಸಂಖ್ಯೆ ಆಗ 47 ಲಕ್ಷದಷ್ಟು. ಕಾರ್ಡ್ ನಂಬರುಗಳಲ್ಲಿ ಹೆಚ್ಚಿನವನ್ನು ಗೂಢಲಿಪಿಯಲ್ಲಿ ಇಟ್ಟಿದ್ದರು, ಸೋಷಿಯಲ್ ಸೆಕ್ಯುರಿಟಿ ನಂಬರುಗಳನ್ನು ಹಾಗೇ ಇಟ್ಟಿದ್ದರು. ಕಾರ್ಡನ್ನು ಒಂದು ಫೋನಿನಲ್ಲಿ ಬದಲಾಯಿಸಬಹುದು, ಸೋಷಿಯಲ್ ಸೆಕ್ಯುರಿಟಿ ನಂಬರ್ ಸಾಯುವ ತನಕ ಅದೇ. ಬದಲಾಯಿಸಬಹುದಾದದ್ದಕ್ಕೆ ಬೀಗ, ಬದಲಾಯಿಸಲಾಗದ್ದಕ್ಕೆ ಗಾಳಿ ಬೆಳಕು. ಪಂಜಾಬಿ ದಂಪತಿಯ ಮಗಳು ನಿಕ್ಕಿ ಹೇಲಿ ಆಗ ಗವರ್ನರ್. ತೆರಿಗೆದಾರರಿಗೆಲ್ಲ ಒಂದು ವರ್ಷ ಎಕ್ಸ್‌ಪೀರಿಯನ್ ಎಂಬ ಕಂಪನಿಯಿಂದ ಸಾಲದ ಕಡತದ ಕಾವಲು ಉಚಿತವಾಗಿ ಕೊಡಿಸಿದರು. ಕಾವಲಿಗೆ ಹೆಸರು ನೋಂದಾಯಿಸಲು ಸೋಷಿಯಲ್ ಸೆಕ್ಯುರಿಟಿ ನಂಬರ್ ಕೊಡಬೇಕು. ಮುಂದೆ 2015ರಲ್ಲಿ ಎಕ್ಸ್‌ಪೀರಿಯನ್ ಕೈಯಿಂದಲೂ ಟಿ-ಮೊಬೈಲ್ ಫೋನಿಗೆ ಅರ್ಜಿ ಹಾಕಿದ ಒಂದೂವರೆ ಕೋಟಿ ಜನರ ವಿವರ ಜಾರಿತು. ಕಾಯುವವರಿಗೂ ಕಷ್ಟ ಇರುತ್ತದೆ.

ಕಾರ್ಡೇ ಬೇಡ ಎಂಬ ಕಟ್ಟಾ ವೈರಾಗ್ಯವೂ ಸಾಲದು. 2019ರಲ್ಲಿ ಕ್ಯಾಪಿಟಲ್ ಒನ್‌ನಿಂದ ಹತ್ತು ಕೋಟಿ ಅಮೆರಿಕನ್ನರ ವಿವರ ಹೋದಾಗ, ಅದರಲ್ಲಿ ಹೆಚ್ಚಿನದು 2005ರಿಂದ ಕಾರ್ಡಿಗೆ ಅರ್ಜಿ ಹಾಕಿದವರದು. ಅರ್ಜಿ ತಿರಸ್ಕಾರವಾದವರ ಕಾಗದವೂ ಅರ್ಜಿಯೇ. ಕಾರ್ಡು ಸಿಗದೆಯೇ ಕಾರ್ಡು ಕಂಪನಿಯಿಂದ ಮಾಹಿತಿ ಕಳೆದುಕೊಳ್ಳುವ ಸೌಲಭ್ಯ ಹೀಗೆ ಬಡವರಿಗೂ ದೊರೆಯಿತು. ಮ್ಯಾರಿಯಟ್ ಹೋಟೆಲಿನದು 2018, ಅಲ್ಲಿ ಗೂಢಲಿಪಿ ಇಲ್ಲದ 52 ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ನಂಬರ್ ಸೇರಿದ್ದವು ಎಂಬುದನ್ನು ಬಿಟ್ಟರೆ ಹೊಸತೇನಿಲ್ಲ.

ಈಗ ಈಕ್ವಿಫ್ಯಾಕ್ಸ್. 1899ರಲ್ಲಿ ಇಬ್ಬರು ಅಣ್ಣತಮ್ಮಂದಿರು ಅಟ್ಲಾಂಟಾದಲ್ಲಿ ಶುರು ಮಾಡಿದ ಕಂಪನಿ. ಸಾಲ ತೀರಿಸುವವರು ಯಾರು, ಟೋಪಿ ಹಾಕುವವರು ಯಾರು ಎಂದು ಬರೆದಿಡುವುದೇ ಆಗಿನಿಂದ ಕಸುಬು. ನೀವು ಅಲ್ಲಿಗೆ ಅರ್ಜಿ ಹಾಕಿಲ್ಲ, ಏನೂ ಕೊಂಡಿಲ್ಲ, ಸಹಿ ಮಾಡಿಲ್ಲ. ಆದರೂ ನಿಮ್ಮ ಮನೆ ಸಾಲದ ಬಡ್ಡಿ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. 2017ರ ಮಾರ್ಚ್‌ನಲ್ಲಿ ಅವರು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ತೂತು ಇದೆ ಎಂದು ಅದನ್ನು ಮಾಡಿದವರೇ ಲೋಕಕ್ಕೆಲ್ಲ ಸಾರಿ, ತೇಪೆಯನ್ನೂ ಬಿಟ್ಟಿಯಾಗಿ ಕೊಟ್ಟರು. 48 ಗಂಟೆಯೊಳಗೆ ತೇಪೆ ಹಾಕಿ ಎಂದು ಕಂಪನಿಯೊಳಗೆ ಇಮೇಲ್ ಹೋಯಿತು. ಇಮೇಲ್ ಹೋಯಿತು ಎಂಬಲ್ಲಿಗೆ ಆ ಕೆಲಸ ಮುಗಿಯಿತು. ಮೇ ತಿಂಗಳಲ್ಲಿ ಕಳ್ಳರು ಒಳಹೊಕ್ಕರು. ಒಳಗಿನ ಸಂಚಾರ ಗಮನಿಸಲು ಒಂದು ಯಂತ್ರವಿತ್ತು, ಆದರೆ ಅದರ ಸರ್ಟಿಫಿಕೇಟಿನ ಅವಧಿ ತಿಂಗಳುಗಟ್ಟಲೆ ಹಿಂದೆಯೇ ಮುಗಿದು ಅದು ಕುರುಡಾಗಿತ್ತು. ಜುಲೈ ಕೊನೆಗೆ ಯಾರೋ ಸರ್ಟಿಫಿಕೇಟ್ ನವೀಕರಿಸಿದರು, ಕೂಡಲೇ ಕಳ್ಳರು ಕಂಡರು. ನವೀಕರಣದಿಂದ ಎಷ್ಟು ತೊಂದರೆ ನೋಡಿ.

ಸೆಪ್ಟೆಂಬರ್ 7ರಂದು ಸುದ್ದಿ ಹೊರಬಂತು. ಸುಮಾರು 14 ಕೋಟಿ 70 ಲಕ್ಷ ಜನ. 2 ಲಕ್ಷ 9 ಸಾವಿರ ಕಾರ್ಡ್ ನಂಬರ್. ನಿಮ್ಮ ಹೆಸರಿದೆಯೇ ಎಂದು ನೋಡಲು ಕಂಪನಿ ಹೊಸ ತಾಣ ತೆರೆಯಿತು. ಅದರ ವಿಳಾಸದಲ್ಲಿ ಈಕ್ವಿಫ್ಯಾಕ್ಸ್, ಸೆಕ್ಯುರಿಟಿ, 2017 ಎಂಬ ಮೂರು ತುಂಡುಗಳನ್ನು ಸಾಲಾಗಿ ಜೋಡಿಸಿದ್ದರು. ಇಂಥ ವಿಳಾಸವನ್ನು ನಕಲು ಮಾಡುವುದು ಎಷ್ಟು ಸುಲಭ ಎಂದು ತೋರಿಸಲು ಒಬ್ಬ ಎಂಜಿನಿಯರ್ ಮೊದಲೆರಡು ತುಂಡುಗಳನ್ನು ಅದಲುಬದಲು ಮಾಡಿ ಒಂದು ನಕಲಿ ತಾಣ ಕಟ್ಟಿದರು. ಆಮೇಲೆ ಗಾಬರಿಯಿಂದ ವಿಚಾರಿಸಿದ ಗ್ರಾಹಕರಿಗೆ ಈಕ್ವಿಫ್ಯಾಕ್ಸ್‌ನ ಅಧಿಕೃತ ಟ್ವಿಟರ್ ಖಾತೆಯೇ, ಒಂದಲ್ಲ ಹಲವು ಸಲ, ನಕಲಿ ತಾಣದ ವಿಳಾಸ ಕೊಟ್ಟು ಇಲ್ಲಿ ಹೋಗಿ ಎಂದಿತು. ‘ಅಧಿಕೃತ ಮೂಲದಿಂದ ಬಂದ ಕೊಂಡಿಯನ್ನು ಮಾತ್ರ ಒತ್ತಿ’ ಎಂಬ ನಿಯಮವನ್ನು ತಪ್ಪದೆ ಪಾಲಿಸಿದವರು ಅಂದು ನಕಲಿ ತಾಣದಲ್ಲಿ ನಿಂತಿದ್ದರು. ಪುಣ್ಯಕ್ಕೆ ಆ ಎಂಜಿನಿಯರ್ ಸಜ್ಜನ.

2019ರ ಜುಲೈನಲ್ಲಿ ರಾಜಿಯಾಯಿತು. ಕಂಪನಿ ಕನಿಷ್ಠ 57 ಕೋಟಿ 50 ಲಕ್ಷ ಡಾಲರ್ ಕೊಡಬೇಕು, ಬೇಕಾದವರು 125 ಡಾಲರ್ ನಗದು ಕೇಳಬಹುದು. ಜನ ಕೇಳಿಯೇಬಿಟ್ಟರು. ನಗದಿಗೆ ಇಟ್ಟದ್ದು 3 ಕೋಟಿ 10 ಲಕ್ಷ ಡಾಲರ್ ಮಾತ್ರ. 14 ಕೋಟಿ 70 ಲಕ್ಷ ಜನರೂ ಕೇಳಿದ್ದರೆ ತಲೆಗೆ 21 ಸೆಂಟ್. ಹತ್ತು ದಿನ ಕಳೆಯುವಷ್ಟರಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿನವರೇ ದುಡ್ಡು ಬೇಡ, ಉಚಿತ ಕಾವಲು ತೆಗೆದುಕೊಳ್ಳಿ ಎಂದು ಬುದ್ಧಿ ಹೇಳಿದರು. ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ಈ ಕಮಿಷನ್ನಿನ ಕಟ್ಟಡದ ಎರಡೂ ಬದಿಗೆ ಒಂದೊಂದು ಶಿಲ್ಪವಿದೆ, ಮೈಕೆಲ್ ಲ್ಯಾಂಟ್ಸ್ ಎಂಬವರ 1942ರ ಕೆಲಸ: ಕೆರಳಿದ ಕುದುರೆಯನ್ನು ಹಿಡಿದು ನಿಲ್ಲಿಸಲು ಹೆಣಗುತ್ತಿರುವ ಗಟ್ಟಿಮುಟ್ಟಾದ ಆಳು. ಕುದುರೆ ಅಂದರೆ ವ್ಯಾಪಾರ. ಚೆರಿ ಹೂವಿನ ಕಾಲಕ್ಕೆ ಊರಿಂದ ಬಂದ ನೆಂಟರನ್ನು ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆಯಬಹುದು. ಎಂಬತ್ತು ವರ್ಷದಲ್ಲಿ ಕುದುರೆಯೂ ಓಡಿಲ್ಲ, ಆಳೂ ಗೆದ್ದಿಲ್ಲ.

ಈ ಪ್ರಕರಣದಿಂದ ಒಂದು ಅನಾಹುತವೂ ಆಯಿತು. 2018ರ ಸೆಪ್ಟೆಂಬರ್ 21ರಿಂದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ನಿಮ್ಮ ಕಡತವನ್ನು ಕಾಸಿಲ್ಲದೆ ಫ್ರೀಜ್ ಮಾಡಿಸಬಹುದು ಎಂದು ಕಾನೂನು ಬಂತು. ಮಾಡಿಸಿದರೆ ನಿಮ್ಮ ಹೆಸರಲ್ಲಿ ಬೇರೆಯವರು ಹೊಸ ಕಾರ್ಡು ತೆಗೆಯುವುದು ಕಷ್ಟ. ಈಗಾಗಲೇ ಕೈಯಲ್ಲಿರುವ ಕಾರ್ಡಿಗೆ ಇದರಿಂದ ರಕ್ಷಣೆಯಿಲ್ಲ ಎಂಬುದಷ್ಟೇ ಪಂಡಿತರಿಗೆ ಉಳಿದ ಸಮಾಧಾನ. ಒಂದು ಮಧ್ಯಾಹ್ನದಲ್ಲಿ, ಖರ್ಚಿಲ್ಲದೆ ಮುಗಿಯುವ ಇಂಥ ಕೆಲಸವನ್ನು ಯಾವ ತಜ್ಞರೂ ಭಾಷಣದ ಕೊನೆಯ ನಿಮಿಷಕ್ಕೆ ಮುನ್ನ ಹೇಳುವುದಿಲ್ಲ.

ಫ್ರೀಜ್ ಮಾಡಿಸಲು ಹೊರಟ ಕನ್ನಡಿಗರನ್ನು ಅವರ ಹೆಸರೇ ಕಾಯುತ್ತದೆ ಎಂಬುದು ಇನ್ನೊಂದು ಮಾತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’, ಎಂದು ಹೊಸ ನಾಮಕರಣವಾಗುತ್ತದೆ. ಬ್ಯಾಂಕಿನಲ್ಲಿ ಎಫ್‌ಎನ್‌ಯು ಶ್ರೀನಿವಾಸ, ಡ್ರೈವಿಂಗ್ ಲೈಸೆನ್ಸಿನಲ್ಲಿ ಶ್ರೀನಿವಾಸ ಶ್ರೀನಿವಾಸ, ಕರೆಂಟು ಬಿಲ್ಲಿನಲ್ಲಿ ಹೊಳೆನರಸೀಪುರ ಎಸ್. ಕಡತ ಯಾರದ್ದೆಂದು ಕಂಪನಿಗೇ ಗೊತ್ತಾಗದ ಮೇಲೆ ಕಳ್ಳರ ಪಾಡೇನು? ತಾಯಿಯ ತವರಿನ ಅಡ್ಡಹೆಸರೇನು ಎಂಬ ಭದ್ರತಾ ಪ್ರಶ್ನೆಗೆ ‘ಕೆ’ ಎಂದು ಒತ್ತಿದರೆ, ಕನಿಷ್ಠ ಎರಡು ಅಕ್ಷರ ಬೇಕು ಎಂದು ಯಂತ್ರ ತಿರಸ್ಕರಿಸುತ್ತದೆ. ಸತ್ಯ ಹೇಳಿದವರಿಗೇ ಪ್ರವೇಶವಿಲ್ಲದ ಕಡೆ ಸುಳ್ಳುಗಾರರಿಗೆ ಎಲ್ಲಿ ಜಾಗ.

ಓಟಿಪಿ ವಿಚಾರದಲ್ಲಿ ಭಾರತ ಮುಂದಿದೆ. ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ಆನ್‌ಲೈನ್ ಕಾರ್ಡು ವ್ಯವಹಾರಕ್ಕೆ ಎರಡನೆಯ ತಪಾಸಣೆ ಕಡ್ಡಾಯ ಮಾಡಿತು. ಹಾಗಾಗಿ ಕ್ಯಾರಿಯಲ್ಲಿರುವ ಮಗ ಮೈಸೂರಿನ ಮನೆಯ ಕರೆಂಟು ಬಿಲ್ಲನ್ನು ಅಲ್ಲಿಯ ಕಾರ್ಡಿನಲ್ಲಿ ಕಟ್ಟಲು ಕೂತರೆ, ಓಟಿಪಿ ಕುವೆಂಪುನಗರದಲ್ಲಿರುವ ಅಪ್ಪನ ಫೋನಿಗೆ ಹೋಗುತ್ತದೆ. ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಬೆಳಗಿನ ಆರೂವರೆ, ಅಪ್ಪ ವಾಕಿಂಗ್ ಹೋದ ಪಾರ್ಕಿನಲ್ಲಿ.

“ಬಂತು ನೋಡೋ. ಓದ್ತೀನಿ, ಬರ್ಕೊ. ಡು ನಾಟ್ ಶೇರ್ ದಿಸ್ ವಿತ್ ಎನಿಒನ್…”

“ಅಪ್ಪ, ನಂಬರ್ ಮಾತ್ರ ಹೇಳಿ.”

“ಪೂರ್ತಿ ಓದ್ಬೇಕು ಕಣೋ, ಬ್ಯಾಂಕಿನೋರು ಬರೆದಿರೋದು. ಎನಿಒನ್. ಬ್ಯಾಂಕ್ ನೆವರ್ ಆಸ್ಕ್ಸ್… ಹಾಂ, ನಾಲ್ಕು, ಏಳು…”

ಪಾರ್ಕಿನ ಬೆಂಚಿನ ಮೇಲಿದ್ದ ನಾಲ್ವರು ಹಿರಿಯರೂ ಸೇರಿಕೊಂಡು ಏಳನ್ನು ಖಚಿತಪಡಿಸುತ್ತಾರೆ. ಇದೇ ಅಪ್ಪ ಬೇಸಿಗೆಯಲ್ಲಿ ಕ್ಯಾರಿಗೆ ಬಂದು, ಸೊಸೆ ಸೋಫಾದಲ್ಲಿ ಕೂತು ಕುಕ್ಕರ್ ಗ್ಯಾಸ್ಕೆಟ್ ಆರ್ಡರ್ ಮಾಡುವುದನ್ನು ನೋಡುತ್ತಾರೆ.

“ಓಟಿಪಿ ಬರ್ಲಿಲ್ವಲ್ಲಮ್ಮ?”

“ಇಲ್ಲಿ ಅದೆಲ್ಲ ಬರಲ್ಲ ಮಾವ. ಮನೆ ನಂಬರ್ರು, ಝಿಪ್ ಕೋಡು ಸರಿಯಿದ್ರೆ ಸಾಕು.”

“ಅದು ಹೊರಗಡೆ ಡಬ್ಬದ ಮೇಲೇ ಬರ್ದಿದ್ಯಲ್ಲ!”

ಮಾವನವರನ್ನು ಕನ್ನಡ ಕೂಟದ ಮುಂದಿನ ಉಪನ್ಯಾಸಕ್ಕೆ ಕರೆಯಬೇಕೆಂದು ನಾನು ಸೂಚಿಸಿದ್ದೇನೆ.

ಕೊನೆಗೆ, ಪಂಡಿತರು ಮುಚ್ಚಿಡುವ ಒಂದು ಕಾನೂನು. ಕ್ರೆಡಿಟ್ ಕಾರ್ಡನ್ನು ಬೇರೆಯವರು ಕದ್ದು ಬಳಸಿದರೆ ನಿಮ್ಮ ಹೊಣೆ ಹೆಚ್ಚೆಂದರೆ 50 ಡಾಲರ್. ಕಾರ್ಡು ನಿಮ್ಮ ಜೇಬಿನಲ್ಲೇ ಇದ್ದು ನಂಬರ್ ಮಾತ್ರ ಹೋಗಿದ್ದರೆ ಅದೂ ಇಲ್ಲ. ಡೆಬಿಟ್ ಕಾರ್ಡಿಗೆ ಈ ವಾತ್ಸಲ್ಯವಿಲ್ಲ: ಕಾರ್ಡು ಕಳೆದದ್ದು ಗೊತ್ತಾದ ಎರಡು ಕೆಲಸದ ದಿನದೊಳಗೆ ಹೇಳಿದರೆ 50, ತಡವಾದರೆ 500, ಸ್ಟೇಟ್‌ಮೆಂಟ್ ಕಳಿಸಿ 60 ದಿನವಾದರೂ ಸುಮ್ಮನಿದ್ದರೆ ಆಮೇಲೆ ಹೋದದ್ದೆಲ್ಲ ನಿಮ್ಮ ಪಾಲಿಗೆ. ಮೇಲಾಗಿ ಹೋಗುವುದು ಬ್ಯಾಂಕಿನ ದುಡ್ಡಲ್ಲ, ತಿಂಗಳ ಬಾಡಿಗೆಗೆ ಇಟ್ಟ ನಿಮ್ಮದೇ ದುಡ್ಡು. ಸಾಲ ಮಾಡಿ ತುಪ್ಪ ತಿನ್ನಬಾರದೆಂದು ಕಲಿತು ಬೆಳೆದ, ಜೀವಮಾನವಿಡೀ ಡೆಬಿಟ್ ಕಾರ್ಡಿನಲ್ಲೇ ನಡೆದ ಮರ್ಯಾದಸ್ಥರನ್ನು ಈ ದೇಶದ ಕಾನೂನು ಎಳ್ಳಷ್ಟೂ ನಂಬುವುದಿಲ್ಲ. ಸಾಲಗಾರರನ್ನು ಅದು ಕೈಹಿಡಿದು ನಡೆಸುತ್ತದೆ. ಇದು ಹೊರಗೆ ತಿಳಿದರೆ ಗಾಬರಿ ಖಾತೆಯಲ್ಲಿ ಅರ್ಧದಷ್ಟು ಕೆಲಸವೇ ಇರುವುದಿಲ್ಲ.

ಸೀರೆಗೆ ಬದಲು ಕನ್ನಡಕ ಬಂದದ್ದು ಕಳವಲ್ಲ, ನೀವೇ ಒಪ್ಪಿ ಕೊಟ್ಟದ್ದು. ಅದು ಬೇರೆ ಕಲಮು. 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆಯ ಪ್ರಕಾರ, ಬಿಲ್ಲು ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ಬರವಣಿಗೆಯಲ್ಲಿ ತಕರಾರು ತಲುಪಬೇಕು. ಫೋನು ಮಾಡಬಹುದು, ಆ್ಯಪಿನಲ್ಲಿ ಗುಂಡಿಯೂ ಇರುತ್ತದೆ, ಆದರೆ ಹಕ್ಕು ಗಟ್ಟಿಯಾಗುವುದು ಕಾಗದದಲ್ಲಿ. ಹಣ ಕಟ್ಟುವ ವಿಳಾಸಕ್ಕೆ ಕಳಿಸಿದರೆ ಆಗುವುದಿಲ್ಲ. ಬಿಲ್ಲಿನ ಬಗ್ಗೆ ವಿಚಾರಿಸುವ ವಿಳಾಸ ಬೇರೆಯೇ ಇರುತ್ತದೆ, ಸ್ಟೇಟ್‌ಮೆಂಟಿನ ಹಿಂಬದಿ ಸಣ್ಣಕ್ಷರದಲ್ಲಿ. ಸ್ಟೇಟ್‌ಮೆಂಟ್ ಕಾಗದದಲ್ಲಿ ಬೇಡ, ಮರ ಉಳಿಸಿ ಎಂದು ಎಂದೋ ಗುಂಡಿ ಒತ್ತಿದ್ದೀರಿ. ಇರಲಿ, ಹೇಗೋ ವಿಳಾಸ ಹುಡುಕಿ, ಕನ್ನಡಕದ ಚಿತ್ರ, ಲಕೋಟೆಯ ತೂಕ ಎಲ್ಲ ಲಗತ್ತಿಸಿ, ತಲುಪಿದ್ದಕ್ಕೆ ಸಹಿ ಬರುವಂತೆ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಲು ಶನಿವಾರ ಬೆಳಗ್ಗೆ ಪೋಸ್ಟಾಫೀಸಿನ ಸಾಲಿನಲ್ಲಿ ನಿಲ್ಲುತ್ತೀರಿ. ಕೌಂಟರಿನಾಕೆ ತೂಕ ನೋಡಿ, ಮೊತ್ತ ಹೇಳಿ, ಕಾರ್ಡು ಹಾಕಲು ಯಂತ್ರ ತೋರಿಸುತ್ತಾರೆ. ಹಳೆಯ ಕಾರ್ಡನ್ನು ಬ್ಯಾಂಕು ಆಗಲೇ ರದ್ದು ಮಾಡಿದೆ. ಹೊಸದು ಅಂಚೆಯಲ್ಲಿದೆ.